ರಾಯಚೂರು ಜಿಲ್ಲೆಯ ಚಿನ್ನದ ಗಣಿಗಳಲ್ಲಿ ಬೆಂಕಿ ಮತ್ತು ಇಂಧನ: ಸುರಕ್ಷತಾ ನಿಯಮಗಳ ಒಂದು ಚಾರಿತ್ರಿಕ ಅವಲೋಕನ

ರಾಯಚೂರು ದೋಆಬಿನ ಚರಿತ್ರೆಯಲ್ಲಿ ಚಿನ್ನಕ್ಕೆ ಸಾಮ್ರಾಜ್ಯಗಳಿಗಿಂತಲೂ ದೀರ್ಘವಾದ ಇತಿಹಾಸವಿದೆ. 1915ರಲ್ಲಿ ಮಸ್ಕಿಯ ಅಶೋಕನ ಶಾಸನವನ್ನು ಮೊದಲು ಕಂಡವನು ಚಿನ್ನದ ನಿಕ್ಷೇಪವನ್ನು ಅರಸುತ್ತಿದ್ದ ಗಣಿ ಎಂಜಿನಿಯರ್ ಸಿ. ಬೀಡನ್ ಎಂಬುದು ಈ ನಂಟಿಗೆ ಸಾಕ್ಷಿಯಾಗಿದೆ. ಹಟ್ಟಿ-ಮಸ್ಕಿ ಶಿಲಾಪಟ್ಟಿಯ ಗಣಿಗಾರಿಕೆಯನ್ನು ಕುರಿತು ವಿಪುಲವಾದ ಅಧ್ಯಯನಗಳು ನಡೆದಿವೆ. ಆದರೆ ನೆಲದಡಿಯ ಬೆಂಕಿಯ ಚರಿತ್ರೆಯನ್ನು ಪ್ರತ್ಯೇಕವಾಗಿ ಗಮನಿಸಿದ್ದು ಕಡಿಮೆ.

ಪ್ರಾಚೀನ ಗಣಿಗಾರರಿಗೆ ಬೆಂಕಿಯೇ ಮುಖ್ಯ ಉಪಕರಣವಾಗಿತ್ತು. ಬಂಡೆಗೆ ಸೌದೆಯೊಡ್ಡಿ ಕಾಯಿಸಿ, ಬಿರುಕು ಬಿಟ್ಟ ಕಲ್ಲನ್ನು ಒಡೆದು ತೆಗೆಯುವ ಕ್ರಮವನ್ನು ಅವರು ಅನುಸರಿಸುತ್ತಿದ್ದರು. ಹಟ್ಟಿಯಲ್ಲಿ ಇಂತಹ ಪ್ರಾಚೀನ ತೋಡುಗಳು ಸುಮಾರು 195 ಮೀಟರ್ ಆಳದವರೆಗೆ ಇಳಿದಿದ್ದವು. ಎಫ್. ಆರ್. ಆಲ್ಚಿನ್ 1962ರಲ್ಲಿ ಪ್ರಕಟಿಸಿದ ಅಧ್ಯಯನವು ಈ ವಿಧಾನವನ್ನು ವಿವರವಾಗಿ ಚರ್ಚಿಸಿದೆ. ಕಿರಿದಾದ ಸುರಂಗದಲ್ಲಿ ಉರಿ ಎಬ್ಬಿಸಿದವರು ಹೊಗೆ ಹೊರಹೋಗುವವರೆಗೆ ಮೇಲೆಯೇ ಕಾಯಬೇಕಾಗಿತ್ತು. ಗಾಳಿಯ ಸಂಚಾರವನ್ನು ಅರಿಯದೆ ಅಷ್ಟು ಆಳಕ್ಕೆ ಇಳಿಯುವುದು ಸಾಧ್ಯವಿರಲಿಲ್ಲ.

ಆಧುನಿಕ ಕಾಲದಲ್ಲಿ ಈ ಸಂಬಂಧ ತಿರುವುಮುರುವಾಯಿತು. ನಿಜಾಮರ ಆಳ್ವಿಕೆಯಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನಡೆದ ಗಣಿಗಾರಿಕೆ ಕೆಲವು ವರ್ಷಗಳ ನಂತರ ನಿಂತುಹೋಯಿತು. 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಕಂಪನಿ ಸ್ಥಾಪನೆಯಾಯಿತು. 1956ರ ರಾಜ್ಯ ಪುನರ್ವಿಂಗಡಣೆಯ ಬಳಿಕ ಅದು ಹಟ್ಟಿ ಚಿನ್ನದ ಗಣಿ ಕಂಪನಿ ಎಂಬ ಹೆಸರನ್ನು ಪಡೆಯಿತು. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲದೆ ದೇವದುರ್ಗ ತಾಲ್ಲೂಕಿನ ಊಟಿ, ಮಾನ್ವಿ ತಾಲ್ಲೂಕಿನ ಹಿರೇಬುದ್ದಿನ್ನಿ ಗಣಿಗಳೂ ಈ ಕಂಪನಿಯ ವ್ಯಾಪ್ತಿಗೆ ಸೇರಿದವು. ಹಳಿಗಳ ಮೇಲೆ ಚಲಿಸುವ ತಳ್ಳುಬಂಡಿಗಳ ಜೊತೆಗೆ, ಅದಿರನ್ನು ಎತ್ತಿ ಸಾಗಿಸುವ ಡೀಸೆಲ್ ಯಂತ್ರಗಳು ನೆಲದಡಿಗೆ ಇಳಿದಾಗ ಇಂಧನವೂ ಅವುಗಳ ಹಿಂದೆಯೇ ಇಳಿಯಿತು.

ಕಲ್ಲಿದ್ದಲು ಗಣಿಯಂತೆ ಚಿನ್ನದ ಗಣಿ ಉರಿಯುವುದಿಲ್ಲವೆಂಬ ಭಾವನೆ ಬಹುಕಾಲ ಪ್ರಚಲಿತವಾಗಿತ್ತು. ಎರಡು ದುರಂತಗಳು ಈ ಭಾವನೆಯ ಮಿತಿಯನ್ನು ತೋರಿಸಿದವು. 1956ರ ಆಗಸ್ಟ್ 8ರಂದು ಬೆಲ್ಜಿಯಂನ ಮಾರ್ಸಿನೆಲ್ ಗಣಿಯಲ್ಲಿ ಬಂಡಿಯೊಂದು ಎಣ್ಣೆಯ ಕೊಳವೆಯನ್ನೂ ವಿದ್ಯುತ್ ತಂತಿಯನ್ನೂ ಕತ್ತರಿಸಿದ್ದರಿಂದ ಬೆಂಕಿ ಹೊತ್ತಿ 262 ಮಂದಿ ಮಡಿದರು. ಅದು ಕಲ್ಲಿದ್ದಲು ಗಣಿಯಾಗಿದ್ದರೂ ಮೊದಲು ಉರಿದದ್ದು ಎಣ್ಣೆ. 1972ರ ಮೇ 2ರಂದು ಅಮೆರಿಕದ ಇಡಾಹೊ ರಾಜ್ಯದ ಸನ್‌ಶೈನ್ ಬೆಳ್ಳಿ ಗಣಿಯಲ್ಲಿ 91 ಮಂದಿ ಅಸುನೀಗಿದರು. ಅವರನ್ನು ಕೊಂದದ್ದು ಜ್ವಾಲೆಯಲ್ಲ, ಗಾಳಿಯ ಹರಿವಿನೊಡನೆ ಹಬ್ಬಿದ ಹೊಗೆ ಮತ್ತು ಕಾರ್ಬನ್ ಮಾನಾಕ್ಸೈಡ್. ಲೋಹದ ಗಣಿಯಲ್ಲಿ ಬಂಡೆ ಉರಿಯದಿದ್ದರೂ ಒಳಗೆ ಒಯ್ದ ವಸ್ತು ಉರಿಯುತ್ತದೆ ಎಂಬುದೇ ಇದರ ಸಾರ.

ಭಾರತದಲ್ಲಿ 1952ರ ಗಣಿ ಕಾಯಿದೆ ಹಾಗೂ ಅದರಡಿಯ 1961ರ ಲೋಹಗಣಿ ವಿನಿಯಮಗಳು ಈ ವಿಷಯಕ್ಕೆ ಆಧಾರವಾದವು. ಎಣ್ಣೆ, ಗ್ರೀಸ್ ಮೊದಲಾದ ದಹ್ಯ ವಸ್ತುಗಳನ್ನು ಬೆಂಕಿ ತಗಲದ ಪಾತ್ರೆಗಳಲ್ಲಿ ಇರಿಸುವುದು ಮತ್ತು ಬೆಂಕಿ ನಂದಿಸುವ ಸಾಧನಗಳನ್ನು ಸಿದ್ಧವಾಗಿಡುವುದು ಇವುಗಳ ಆಶಯ. ಇವುಗಳ ಜಾರಿಯ ಹೊಣೆ ಧನಬಾದಿನಲ್ಲಿ ಕೇಂದ್ರ ಕಚೇರಿಯಿರುವ ಗಣಿ ಸುರಕ್ಷಾ ಮಹಾನಿರ್ದೇಶನಾಲಯದ್ದು. ಪೆಟ್ರೋಲಿಯಂ ಕಾನೂನು ಮತ್ತೊಂದು ಆಧಾರ. 1934ರ ಪೆಟ್ರೋಲಿಯಂ ಕಾಯಿದೆಯ ವರ್ಗೀಕರಣದಲ್ಲಿ ಡೀಸೆಲ್ 'ಬಿ' ವರ್ಗಕ್ಕೆ, ಅಂದರೆ 23ರಿಂದ 65 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ಜ್ವಲನಬಿಂದುವಿನ ಇಂಧನಗಳ ಗುಂಪಿಗೆ ಸೇರುತ್ತದೆ. 1,000 ಲೀಟರ್ ಮೀರದ ಪಾತ್ರೆಗಳಲ್ಲಿ ಒಟ್ಟು 2,500 ಲೀಟರ್ ವರೆಗೆ ಈ ವರ್ಗದ ಇಂಧನವನ್ನು ಇಡಲು ಪರವಾನಗಿ ಬೇಕಿಲ್ಲ. ಆದರೆ ಪರವಾನಗಿ ಬೇಡವೆಂಬುದಕ್ಕೂ ಅಪಾಯವಿಲ್ಲವೆಂಬುದಕ್ಕೂ ವ್ಯತ್ಯಾಸವಿದೆ. ಡೀಸೆಲಿನ ಜ್ವಲನಬಿಂದು ಕನಿಷ್ಠ 35 ಡಿಗ್ರಿ ಇರಬೇಕೆಂಬುದು ಭಾರತೀಯ ಮಾನಕ. ರಾಯಚೂರು ನಗರದಲ್ಲಿ ಬೇಸಿಗೆಯ ನೆರಳಿನ ತಾಪಮಾನವೇ 40 ಡಿಗ್ರಿಯನ್ನು ದಾಟುತ್ತದೆ. ಹೀಗಾಗಿ ತಂಪು ನಾಡುಗಳಲ್ಲಿ ಡೀಸೆಲಿಗೆ ಇರುವ ಸಹಜ ರಕ್ಷಣೆ ಈ ಜಿಲ್ಲೆಯಲ್ಲಿ ಬಹುಮಟ್ಟಿಗೆ ಇಲ್ಲವಾಗುತ್ತದೆ.

ಗಣಿಶಾಸ್ತ್ರವು ರೂಪಿಸಿರುವ ಸಂಗ್ರಹ ಕ್ರಮಗಳನ್ನು ಈ ಹಿನ್ನೆಲೆಯಲ್ಲಿ ಅರಿಯಬೇಕು. ಅಂದಂದಿನ ಅಗತ್ಯಕ್ಕಿಂತ ಹೆಚ್ಚಿನ ಇಂಧನ ಕೆಳಗೆ ಇರಕೂಡದು. ಇಂಧನ ಕೋಣೆ ಇಳಿಬಾವಿಯಿಂದಲೂ ಸಿಡಿಮದ್ದಿನ ಉಗ್ರಾಣದಿಂದಲೂ ದೂರದಲ್ಲಿರಬೇಕು. ಅದರ ಬಾಗಿಲು ತಾನಾಗಿಯೇ ಮುಚ್ಚಿಕೊಳ್ಳುವ ಅಗ್ನಿನಿರೋಧಕ ಬಾಗಿಲಾಗಿರಬೇಕು. ಸೋರಿದ ಎಣ್ಣೆ ಹರಿಯದಂತೆ ಹೊಸ್ತಿಲು ಎತ್ತರವಾಗಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಕೋಣೆಯ ಗಾಳಿ ಕೆಲಸದ ಸ್ಥಳಗಳತ್ತ ಹೋಗದೆ ನೇರವಾಗಿ ಹೊರಹೋಗುವ ಗಾಳಿದಾರಿಯನ್ನು ಸೇರಬೇಕು. ಇಂಧನ ತುಂಬುವಾಗ ಎಂಜಿನ್ ನಿಂತಿರಬೇಕು. ನೊರೆ ಅಥವಾ ಒಣಪುಡಿಯ ನಂದಕಗಳು ಕೈಗೆಟುಕುವಂತಿರಬೇಕು. ಈ ಕ್ರಮಗಳ ಮೂಲ ಉದ್ದೇಶ ಒಂದೇ: ಒಂದು ಕಡೆಯ ಉರಿ ಇಡೀ ಗಣಿಯ ಉಸಿರನ್ನು ಕೆಡಿಸಬಾರದು.

ಕೋಲಾರದ ಭಾರತ್ ಚಿನ್ನದ ಗಣಿ 2001ರಲ್ಲಿ ಮುಚ್ಚಿದ ಬಳಿಕ ಕರ್ನಾಟಕದ ಚಿನ್ನದ ಗಣಿಗಾರಿಕೆಯ ಭಾರವೆಲ್ಲ ಹಟ್ಟಿಯ ಮೇಲೆ ಬಿದ್ದಿತು. ಆಳ ಹೆಚ್ಚಿದಂತೆ ಕಾರ್ಮಿಕರು ಮೇಲೇರಿ ಪಾರಾಗಬೇಕಾದ ದಾರಿಯೂ ದೀರ್ಘವಾಗುತ್ತದೆ. 2020ರ ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯು 2025ರ ನವೆಂಬರ್ 21ರಂದು ಜಾರಿಗೆ ಬಂದು 1952ರ ಕಾಯಿದೆಯನ್ನು ತನ್ನೊಳಗೆ ಸೇರಿಸಿಕೊಂಡಿದೆ. ಕಾನೂನಿನ ಹೆಸರು ಬದಲಾದರೂ ಅದರ ಹಿಂದಿನ ತಿಳಿವಳಿಕೆ ಹಳೆಯದು. ಹೊಗೆ ಆರುವವರೆಗೆ ಮೇಲೆ ಕಾದಿದ್ದ ಪ್ರಾಚೀನ ಗಣಿಗಾರನಿಗೆ ಆ ಅವಕಾಶವಾದರೂ ಇತ್ತು. ಬೆಂಕಿ ಹೊತ್ತುವ ವೇಳೆಗೆ ಕೆಳಗೇ ಇರುವ ಇಂದಿನ ಕಾರ್ಮಿಕನಿಗೆ ಆ ಅವಕಾಶವಿಲ್ಲ. ಅವನ ಪಾಲಿಗೆ ಮುಂಚಿತವಾಗಿ ಪಾಲಿಸಿದ ನಿಯಮವೇ ರಕ್ಷಣೆ.