ಒಂದು ಮನೆ, ಎರಡು ಮತ

ನಾಲ್ಕು ಪಾತ್ರೆಗಳು ಕೂಡಿದಲ್ಲಿ ಸಪ್ಪಳ ತಪ್ಪದೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಊಟ ಉಡಿಗೆಗಳ ಬಗೆಗೆ, ಮದುವೆ ಮುಂಜಿಗಳ ಬಗೆಗೆ ಮನೆಯಲ್ಲಿ ಭಿನ್ನಾಭಿಪ್ರಾಯ ಬಂದರೆ ಅದನ್ನು ಯಾರೂ ದೊಡ್ಡದು ಮಾಡುವುದಿಲ್ಲ. ಆದರೆ ಚುನಾವಣೆ ಬಂದು, ಅಣ್ಣ ಒಂದು ಪಕ್ಷ ತಮ್ಮ ಇನ್ನೊಂದು ಪಕ್ಷವಾದರೆ, ಆ ಮನೆ ಒಡೆಯಿತೆಂದೇ ಓಣಿಯವರು ಮಾತನಾಡತೊಡಗುತ್ತಾರೆ. ಮನೆಯ ಮತಗಳೆಲ್ಲ ಒಂದೇ ಕಡೆ ಬೀಳಬೇಕೆಂಬುದು ಇಂದಿಗೂ ಅನೇಕ ಯಜಮಾನರ ಅಪ್ಪಣೆ. ಈ ಅಪ್ಪಣೆಗೆ ಆಧಾರವೆಷ್ಟು, ಮತವೆಂಬುದು ಮನೆಯದೋ ಮನುಷ್ಯನದೋ ಎಂಬುದನ್ನು, ನಮ್ಮ ಈ ಪುಣೆ ಜಿಲ್ಲೆಯಲ್ಲಿಯೇ ನಡೆದ ಒಂದು ಚುನಾವಣೆಯ ಚರಿತ್ರೆಯನ್ನು ಮುಂದಿಟ್ಟುಕೊಂಡು ವಿಚಾರ ಮಾಡಬೇಕೆಂದು ಈ ಲೇಖನವನ್ನು ಕೈಕೊಂಡಿದ್ದೇವೆ.

ನಾವು ವಾಸವಾಗಿರುವ ತಳೇಗಾಂವಕ್ಕೆ ದಾಭಾಡೆ ಎಂಬ ಹೆಸರು ಸೇರಿಕೊಂಡಿರುವುದು ಮರಾಠಾ ಸೇನಾಪತಿಗಳ ಮನೆತನದಿಂದ. ಖಂಡೇರಾವ್ ದಾಭಾಡೆ 1729ರಲ್ಲಿ ತೀರಿಕೊಂಡ ತರುವಾಯ ಅವನ ಮಗ ತ್ರ್ಯಂಬಕರಾವನು ಸೇನಾಪತಿಯಾದನು. ಗುಜರಾತದ ಚೌಥ ವಸೂಲಿಯ ಹಕ್ಕಿನ ಸಲುವಾಗಿ ಅವನಿಗೂ ಪೇಶವೆ ಮೊದಲನೆಯ ಬಾಜೀರಾವನಿಗೂ ವಿರಸ ಬೆಳೆಯಿತು. ಇಬ್ಬರೂ ಶಾಹು ಛತ್ರಪತಿಯ ಅನ್ನವುಂಡವರು. ಒಂದೇ ರಾಜ್ಯದ ಎರಡು ಕೈಗಳು. ಆದರೂ 1731ರಲ್ಲಿ ದಭೋಯಿಯ ಬಳಿ ಇವರಿಬ್ಬರ ಸೈನ್ಯಗಳು ಎದುರುಬದುರಾಗಿ ನಿಂತವು; ತ್ರ್ಯಂಬಕರಾವನು ರಣದಲ್ಲಿ ಮಡಿದನು. ಆಮೇಲೆ ಶಾಹು ಮಹಾರಾಜನು ನಡುವೆ ಬಿದ್ದು, ತಾಯಿ ಉಮಾಬಾಯಿಯನ್ನು ಸಮಾಧಾನಪಡಿಸಿ, ಇನ್ನೊಬ್ಬ ಮಗ ಯಶವಂತರಾವನಿಗೆ ಸೇನಾಪತಿ ಪದವಿಯನ್ನು ಕೊಡಿಸಿದನು. ಪದವಿಯೇನೋ ಮನೆಗೆ ಬಂದಿತು. ಹೋದ ಮಗ ಬರಲಿಲ್ಲ. ಒಡಹುಟ್ಟಿದವರಂತೆ ಬಾಳಬೇಕಾದವರ ಜಗಳ ತೀರಲು ಆ ಕಾಲದಲ್ಲಿ ಕತ್ತಿಯ ಹೊರತು ಬೇರೆ ಪಂಚಾಯಿತಿ ಇರಲಿಲ್ಲವೆಂಬುದಕ್ಕೆ ನಮ್ಮ ಊರ ಹೆಸರೇ ಸಾಕ್ಷಿ. ಮತಪೆಟ್ಟಿಗೆಯ ಬೆಲೆಯನ್ನು ತಿಳಿಯಬೇಕಾದರೆ ಅದು ಯಾವುದರ ಸ್ಥಾನದಲ್ಲಿ ಬಂದು ಕುಳಿತಿತೆಂಬುದನ್ನು ಮೊದಲು ನೆನೆಯಬೇಕು.

ಮತಪೆಟ್ಟಿಗೆ ಬಂದಾಗಲೂ ಅದು ಕೂಡಲೇ ಎಲ್ಲರ ಕೈಗೆ ಸಿಕ್ಕಲಿಲ್ಲ. 1935ರ ಶಾಸನದ ಪ್ರಕಾರ ಆಸ್ತಿ, ತೆರಿಗೆ, ವಿದ್ಯೆ ಇವುಗಳ ಆಧಾರದಿಂದ ಕೆಲವರಿಗಷ್ಟೇ ಮತದ ಹಕ್ಕಿದ್ದಿತು. ಹೆಂಗಸರಲ್ಲಿ ಅನೇಕರಿಗೆ ಆ ಹಕ್ಕು ಬಂದುದು ಗಂಡನ ಆಸ್ತಿಯ ಬಲದಿಂದ. ಅಂದರೆ ಮತವು ಮನೆಯ ಆಸ್ತಿಗೆ ಅಂಟಿಕೊಂಡ ಒಂದು ಹಕ್ಕಾಗಿದ್ದಿತೇ ಹೊರತು ಮನುಷ್ಯನದಾಗಿರಲಿಲ್ಲ. ಸ್ವತಂತ್ರ ಭಾರತದ ಸಂವಿಧಾನವು ಇದನ್ನು ಬುಡಸಮೇತ ಬದಲಿಸಿತು. 21 ವರ್ಷ ತುಂಬಿದ ಪ್ರತಿಯೊಬ್ಬನಿಗೂ ಪ್ರತಿಯೊಬ್ಬಳಿಗೂ ಒಂದೊಂದು ಮತ. 1951ರ ಅಕ್ಟೋಬರಿನಿಂದ 1952ರ ಫೆಬ್ರುವರಿಯವರೆಗೆ ನಡೆದ ಮೊದಲನೆಯ ಮಹಾಚುನಾವಣೆಯಲ್ಲಿ ಮತದಾರರ ಸಂಖ್ಯೆ 17 ಕೋಟಿಗೂ ಮಿಕ್ಕಿದ್ದಿತು. ಆಗಿನ ಚುನಾವಣಾ ಆಯುಕ್ತರಾದ ಸುಕುಮಾರ್ ಸೇನರಿಗೆ ಎದುರಾದ ಒಂದು ತೊಡಕು ನಮ್ಮ ವಿಷಯಕ್ಕೆ ತೀರ ಹತ್ತಿರದ್ದು. ಉತ್ತರದ ಕೆಲವು ಪ್ರಾಂತಗಳಲ್ಲಿ ಹೆಂಗಸರು ತಮ್ಮ ಹೆಸರನ್ನು ಹೇಳದೆ, ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಬರೆಯಿಸಿದ್ದರು. ಸ್ವಂತ ಹೆಸರಿಲ್ಲದೆ ಮತದಾರಳೆಂದು ಎಣಿಸಲಾಗದೆಂದು ಆಯೋಗವು ನಿರ್ಧರಿಸಿದ್ದರಿಂದ ಸುಮಾರು 28 ಲಕ್ಷ ಹೆಂಗಸರ ಹೆಸರುಗಳು ಪಟ್ಟಿಯಿಂದ ಬಿಟ್ಟುಹೋದವು. ಇದು ಕಠಿಣವೆಂದು ತೋರಬಹುದು. ಆದರೆ ಮತವು ಮನೆಯ ಹೆಸರಿನಲ್ಲಿ ಬರುವುದಲ್ಲ, ತನ್ನ ಹೆಸರಿನಲ್ಲಿ ಬರಬೇಕಾದುದು ಎಂಬ ಪಾಠವನ್ನು ದೇಶಕ್ಕೆ ಇದಕ್ಕಿಂತ ಸ್ಪಷ್ಟವಾಗಿ ಬೇರೆ ಯಾವುದೂ ಕಲಿಸಲಿಲ್ಲ.

ಇನ್ನು ಗುಪ್ತತೆಯ ಮಾತು. 1952 ಮತ್ತು 1957ರ ಚುನಾವಣೆಗಳಲ್ಲಿ ಒಬ್ಬೊಬ್ಬ ಉಮೇದುವಾರನಿಗೂ ಅವನ ಚಿಹ್ನೆ ಅಂಟಿಸಿದ ಬೇರೆ ಬೇರೆ ಪೆಟ್ಟಿಗೆಯಿರುತ್ತಿತ್ತು. ಮತದಾರನು ಮರೆಯೊಳಗೆ ಹೋಗಿ ತನಗೆ ಬೇಕಾದ ಪೆಟ್ಟಿಗೆಯಲ್ಲಿ ಚೀಟಿಯನ್ನು ಹಾಕಿ ಬರುತ್ತಿದ್ದನು. ಚೀಟಿಯ ಮೇಲೆ ಮುದ್ರೆಯೊತ್ತುವ ಪದ್ಧತಿ ಬಹುತೇಕ ಕಡೆಗಳಲ್ಲಿ ಬಂದುದು 1962ರ ಮಹಾಚುನಾವಣೆಯಲ್ಲಿ. ಅದೇ ಚುನಾವಣೆಯಿಂದ ಬೆರಳಿಗೆ ಹಚ್ಚುವ ಅಳಿಸಲಾಗದ ಮಸಿಯನ್ನು ನಮ್ಮ ಮೈಸೂರಿನ ಬಣ್ಣ ಮತ್ತು ಅರಗಿನ ಕಾರ್ಖಾನೆಯು ಒದಗಿಸತೊಡಗಿತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಸ್ಥಾಪಿತವಾದ ಕಾರ್ಖಾನೆಯದು. ತಳೇಗಾಂವದ ಮತಗಟ್ಟೆಯಲ್ಲಿ ಮರಾಠಿಗನ ಬೆರಳಿಗೂ ಕನ್ನಡಿಗನ ಬೆರಳಿಗೂ ಬೀಳುವ ಮಸಿ ಮೈಸೂರಿನದೇ ಎಂಬುದನ್ನು ನಮ್ಮ ಮಕ್ಕಳಿಗೆ ಹೇಳಬೇಕು. ಆ ಮಸಿಯ ಸ್ವಾರಸ್ಯವಾದರೂ ಏನು? ಮತ ಹಾಕಿದ್ದು ಎಲ್ಲರಿಗೂ ಕಾಣುತ್ತದೆ; ಯಾರಿಗೆ ಹಾಕಿದ್ದೆಂಬುದು ಯಾರಿಗೂ ಕಾಣುವುದಿಲ್ಲ. 1951ರ ಜನತಾ ಪ್ರಾತಿನಿಧ್ಯ ಶಾಸನದ 94ನೆಯ ಕಲಮಿನ ಪ್ರಕಾರ, ಚುನಾವಣೆಯಲ್ಲಿ ನೀನು ಯಾರಿಗೆ ಮತ ಹಾಕಿದೆಯೆಂದು ಹೇಳಬೇಕೆಂದು ಯಾವ ಸಾಕ್ಷಿದಾರನನ್ನೂ ಒತ್ತಾಯಪಡಿಸುವಂತಿಲ್ಲ. ನ್ಯಾಯಾಸನಕ್ಕೇ ಇಲ್ಲದ ಅಧಿಕಾರವನ್ನು ಮನೆಯ ಯಜಮಾನರು ಎಲ್ಲಿಂದ ತಂದುಕೊಂಡರೋ ತಿಳಿಯದು.

ಈಗ ನಾವು ಹೇಳಬೇಕೆಂದಿರುವ ಚುನಾವಣೆಗೆ ಬರೋಣ. 1956ರ ನವೆಂಬರ್ 1 ನಮಗೆ ಸಂತೋಷದ ದಿನ. ಹರಿದು ಹಂಚಿಹೋಗಿದ್ದ ಕನ್ನಡ ಸೀಮೆಗಳು ಒಂದಾದ ದಿನ. ಅದೇ ದಿನ ನಮ್ಮ ನೆರೆಯ ಮರಾಠಿ ಜನರಿಗೆ ಅಸಮಾಧಾನದ ದಿನವಾಗಿದ್ದಿತೆಂಬುದನ್ನು ನಾವು ಅನೇಕ ವೇಳೆ ಮರೆಯುತ್ತೇವೆ. ಅವರಿಗೆ ದೊರೆತುದು ಗುಜರಾತವೂ ಕೂಡಿದ ದ್ವಿಭಾಷಾ ಮುಂಬಯಿ ರಾಜ್ಯ. ಇಂಥ ಏರ್ಪಾಡಿನ ವಿರುದ್ಧ ಅದೇ ವರ್ಷದ ಫೆಬ್ರುವರಿಯಲ್ಲಿಯೇ ಪುಣೆಯಲ್ಲಿ ಸಂಯುಕ್ತ ಮಹಾರಾಷ್ಟ್ರ ಸಮಿತಿ ಹುಟ್ಟಿದ್ದಿತು. ಕಾಂಗ್ರೆಸ್ಸಿಗೆ ಎದುರಾದ ಪಕ್ಷಗಳು ಅನೇಕವು ಅದರಲ್ಲಿ ಒಂದಾದವು. 1957ರಲ್ಲಿ ಪುಣೆ ಪಟ್ಟಣದ ಲೋಕಸಭಾ ಸ್ಥಾನದಲ್ಲಿ ಸಮಿತಿಯ ನಾ. ಗ. ಗೋರೆಯವರು ಕಾಂಗ್ರೆಸ್ಸಿನ ಹಿರಿಯರಾದ ಕಾಕಾಸಾಹೇಬ ಗಾಡಗೀಳರನ್ನು ಸೋಲಿಸಿದರು. ಸಮಿತಿಯು ಬೆಳಗಾವಿ ಕಾರವಾರಗಳನ್ನೂ ಕೇಳುತ್ತಿದ್ದುದರಿಂದ ಇಲ್ಲಿ ನೆಲಸಿದ ಕನ್ನಡಿಗನ ಸ್ಥಿತಿ ಸುಲಭದ್ದಾಗಿರಲಿಲ್ಲ. ಭಾಷೆಗೊಂದು ರಾಜ್ಯವೆಂಬ ತತ್ತ್ವವನ್ನು ಒಪ್ಪಿದರೆ ಮರಾಠಿಗರ ಬೇಡಿಕೆಯಲ್ಲಿ ನ್ಯಾಯವಿದೆ. ಬೆಳಗಾವಿಯನ್ನು ನೆನೆದರೆ ಅದೇ ಸಮಿತಿಗೆ ಮತ ಕೊಡಲು ಮನಸ್ಸು ಬಾರದು. ಇಂಥ ಪ್ರಶ್ನೆಯಲ್ಲಿ ಒಂದೇ ಮನೆಯವರು ಎರಡು ಬಗೆಯಾಗಿ ಯೋಚಿಸಿದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ಬಾರಾಮತಿಯಿಂದ ಲೋಕಸಭೆಗೆ ಆರಿಸಿಬಂದಿದ್ದ ಕೇಶವರಾವ್ ಜೇಧೆಯವರು 1959ರ ನವೆಂಬರಿನಲ್ಲಿ ತೀರಿಕೊಂಡರು. ಜೇಧೆಯವರು ಶೇತಕರಿ ಕಾಮಗಾರ ಪಕ್ಷದ ಸ್ಥಾಪಕರಲ್ಲೊಬ್ಬರಾಗಿದ್ದು, ಆಮೇಲೆ ಕಾಂಗ್ರೆಸ್ಸಿಗೆ ಮರಳಿದವರು. ಅವರಿಂದ ತೆರವಾದ ಸ್ಥಾನಕ್ಕೆ 1960ರಲ್ಲಿ ಉಪಚುನಾವಣೆ ಬಂದಾಗ ಕಾಂಗ್ರೆಸ್ಸು ಅವರ ಮಗ ಗುಲಾಬರಾವ್ ಜೇಧೆಯವರನ್ನು ನಿಲ್ಲಿಸಿತು. ಎದುರಿಗೆ ಶೇತಕರಿ ಕಾಮಗಾರ ಪಕ್ಷದಿಂದ ನಿಂತವರು ವಸಂತರಾವ್ ಪವಾರರು. ಮುಖ್ಯಮಂತ್ರಿ ಯಶವಂತರಾವ್ ಚವ್ಹಾಣರು ಈ ಸ್ಥಾನವನ್ನು ಪಕ್ಷದ ಮಾನದ ಪ್ರಶ್ನೆಯನ್ನಾಗಿ ಮಾಡಿಕೊಂಡರು. ಮರಾಠಿಗರಿಗೆ ಅವರ ರಾಜ್ಯ ದೊರೆತ ವರ್ಷವೇ ಅದು.

ಪವಾರರ ಮನೆ ಮೊದಲಿನಿಂದಲೂ ಶೇತಕರಿ ಕಾಮಗಾರ ಪಕ್ಷದ ಕಡೆಗೆ ಒಲಿದ ಮನೆ. ತಾಯಿ ಶಾರದಾಬಾಯಿಯವರು 1938ರಲ್ಲಿಯೇ ಪುಣೆ ಜಿಲ್ಲಾ ಲೋಕಲ್ ಬೋರ್ಡಿಗೆ ಚುನಾಯಿತರಾದವರು. ಅಂಥ ಮನೆಯಲ್ಲಿ ಹುಟ್ಟಿದ ಒಬ್ಬ ಮಗ ಮಾತ್ರ ಕಾಂಗ್ರೆಸ್ಸನ್ನು ಸೇರಿದ್ದನು. ಅಣ್ಣನು ಉಮೇದುವಾರನಾಗಿ ನಿಂತಾಗ ಈ ತಮ್ಮನು ಎದುರು ಪಕ್ಷದ ಪರವಾಗಿ ಪ್ರಚಾರ ಮಾಡಿದನು. ಆ ತಮ್ಮನೇ ಮುಂದೆ ನಾಲ್ಕು ಸಲ ಮಹಾರಾಷ್ಟ್ರದ ಮುಖ್ಯಮಂತ್ರಿಯಾದ ಶರದ್ ಪವಾರರು. ಅವರು ಇದನ್ನು ತಮ್ಮ ಆತ್ಮಚರಿತ್ರೆಯಲ್ಲಿ ಬರೆದುಕೊಂಡಿದ್ದಾರೆ. ಗೆದ್ದವರು ಕಾಂಗ್ರೆಸ್ಸಿನ ಗುಲಾಬರಾವ್ ಜೇಧೆಯವರು, ಸೋತವರು ಅಣ್ಣ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಶರದ್ ಪವಾರರು ಹುಟ್ಟಿದ್ದು 1940ರ ಡಿಸೆಂಬರ್ 12ರಂದು. ಆಗ ಮತದಾನದ ವಯಸ್ಸು 21; ಅದು 18ಕ್ಕೆ ಇಳಿದುದು 1989ರಲ್ಲಿ. ಆದುದರಿಂದ ಅಣ್ಣನ ವಿರುದ್ಧ ಮತ ಯಾಚಿಸುತ್ತ ತಿರುಗಿದ ಆ ತರುಣನಿಗೆ ಸ್ವತಃ ಮತ ಹಾಕುವ ವಯಸ್ಸೇ ಆಗಿರಲಿಲ್ಲ! ಅಣ್ಣನಿಗೆ ಅವನಿಂದ ಒಂದು ಮತದ ನಷ್ಟವೂ ನೇರವಾಗಿ ಆಗಲಿಲ್ಲ. ಆದರೆ ಮನೆಯ ಮಾನವೆಂಬುದನ್ನು ಮತದ ಎಣಿಕೆಯಿಂದ ಅಳೆಯುವುದಿಲ್ಲವಷ್ಟೆ. ತಮ್ಮನು ಸುಮ್ಮನೆ ಮನೆಯಲ್ಲಿ ಕುಳಿತಿದ್ದರೂ ಯಾರೂ ಅವನನ್ನು ಆಡಿಕೊಳ್ಳುತ್ತಿರಲಿಲ್ಲ. ಕುಳಿತುಕೊಳ್ಳದೆ ಹೊರಟದ್ದರಲ್ಲಿ ಒಂದು ಧೈರ್ಯವಿದ್ದಿತು. ಹೊರಟವನ ಮುಂದೆ ಮನೆಯ ಬಾಗಿಲು ಮುಚ್ಚದೆ ಇದ್ದುದರಲ್ಲಿ ಅದಕ್ಕಿಂತ ದೊಡ್ಡ ಧೈರ್ಯವಿದ್ದಿತೆಂದು ನಮ್ಮ ಅಭಿಪ್ರಾಯ.

ಬಾಗಿಲು ಮುಚ್ಚಲಿಲ್ಲವೆಂಬುದಕ್ಕೆ ಇನ್ನೊಂದು ಸಾಕ್ಷಿಯುಂಟು. ಇವರ ಸೋದರಿ ಸರೋಜ ಅವರ ಪತಿ ಎನ್. ಡಿ. ಪಾಟೀಲರು. ಜೀವಮಾನವೆಲ್ಲ ಶೇತಕರಿ ಕಾಮಗಾರ ಪಕ್ಷದಲ್ಲಿಯೇ ಇದ್ದು, 2022ರಲ್ಲಿ ತೀರಿಕೊಂಡವರು. ಗಡಿ ವಿವಾದದಲ್ಲಿ ಅವರು ಮಹಾರಾಷ್ಟ್ರದ ಪಕ್ಷವನ್ನು ಹಿಡಿದು ಹೋರಾಡಿದವರಾದುದರಿಂದ ಕನ್ನಡಿಗರಾದ ನಮಗೆ ಅವರ ವಾದ ಒಪ್ಪಿಗೆಯಾಗದು. ಆದರೆ ಅವರ ನಿಷ್ಠೆಯನ್ನು ಅಲ್ಲಗಳೆಯುವ ಕಾರಣವಿಲ್ಲ. 1978ರಲ್ಲಿ ಶರದ್ ಪವಾರರು ಕಾಂಗ್ರೆಸ್ಸನ್ನು ಬಿಟ್ಟು ಹೊರಬಂದು ಮಂತ್ರಿಮಂಡಲವನ್ನು ರಚಿಸಿದಾಗ ಈ ಭಾವನವರು ಅದರಲ್ಲಿ ಸಹಕಾರ ಮಂತ್ರಿಗಳಾದರು. ಹದಿನೆಂಟು ವರ್ಷಗಳ ಹಿಂದೆ ಎದುರು ಪಾಳೆಯದಲ್ಲಿದ್ದ ಪಕ್ಷವೂ ಮನೆಯ ಮಗನೂ ಒಂದೇ ಸರಕಾರದಲ್ಲಿ ಕೂಡಿದಂತಾಯಿತು.

ಇಂಥ ಉದಾಹರಣೆಗಳು ದೇಶದಲ್ಲಿ ಬೇರೆಯೂ ಇವೆ. ಆಚಾರ್ಯ ಕೃಪಲಾನಿಯವರು 1951ರಲ್ಲಿ ಕಾಂಗ್ರೆಸ್ಸನ್ನು ಬಿಟ್ಟು ಬೇರೆ ಪಕ್ಷ ಕಟ್ಟಿದರು. ಪತ್ನಿ ಸುಚೇತಾ ಅವರು 1952ರಲ್ಲಿ ಗಂಡನ ಪಕ್ಷದಿಂದಲೇ ದಿಲ್ಲಿಯಿಂದ ಗೆದ್ದರು. 1957ರ ಹೊತ್ತಿಗೆ ಕಾಂಗ್ರೆಸ್ಸಿಗೆ ಮರಳಿ ಮತ್ತೆ ಗೆದ್ದರು. 1963ರ ಆಗಸ್ಟಿನಲ್ಲಿ ಗಂಡನು ನೆಹರೂ ಸರಕಾರದ ಮೇಲೆ ಲೋಕಸಭೆಯ ಮೊದಲನೆಯ ಅವಿಶ್ವಾಸ ಗೊತ್ತುವಳಿಯನ್ನು ಮಂಡಿಸಿದರು. ಅದೇ ಅಕ್ಟೋಬರಿನಲ್ಲಿ ಹೆಂಡತಿಯು ಉತ್ತರ ಪ್ರದೇಶದ ಕಾಂಗ್ರೆಸ್ ಮುಖ್ಯಮಂತ್ರಿಯಾದರು. ದೇಶದಲ್ಲಿ ಆ ಪದವಿಗೇರಿದ ಮೊದಲ ಮಹಿಳೆ ಅವರೇ. ಅವರ ಸಂಸಾರ ಮಾತ್ರ ಕೊನೆಯತನಕ ಒಂದೇ ಆಗಿದ್ದಿತು. ನಮ್ಮ ಕರ್ನಾಟಕದ ಸೊರಬದಲ್ಲಿ ಬಂಗಾರಪ್ಪನವರ ಮಕ್ಕಳಿಬ್ಬರು 2004ರಿಂದ ಎದುರಾಳಿಗಳಾಗಿ ನಿಲ್ಲುತ್ತ ಬಂದುದು ಓದುಗರಿಗೆ ಗೊತ್ತೇ ಇದೆ. 2018ರಲ್ಲಿ ಕುಮಾರ್ ಬಂಗಾರಪ್ಪನವರು ಗೆದ್ದರೆ 2023ರಲ್ಲಿ ಮಧು ಬಂಗಾರಪ್ಪನವರು ಗೆದ್ದರು.

ಬಾರಾಮತಿಯಲ್ಲಿಯೂ ಚರಿತ್ರೆ ಮರುಕಳಿಸಿತು. 2023ರ ಜುಲೈನಲ್ಲಿ ಅಜಿತ್ ಪವಾರರು ಚಿಕ್ಕಪ್ಪನಿಂದ ಬೇರೆಯಾದರು. 2024ರ ಲೋಕಸಭಾ ಚುನಾವಣೆಯಲ್ಲಿ ಶರದ್ ಪವಾರರ ಮಗಳು ಸುಪ್ರಿಯಾ ಸುಳೆಯವರಿಗೆ ಎದುರಾಗಿ ಅಜಿತರ ಪತ್ನಿ ಸುನೇತ್ರಾ ಅವರು ನಿಂತರು. ಅಂದರೆ ನಾದಿನಿಗೆ ಅತ್ತಿಗೆಯೇ ಎದುರಾಳಿ. ಸುಪ್ರಿಯಾ ಅವರು 1,58,333 ಮತಗಳ ಅಂತರದಿಂದ ಗೆದ್ದರು. ಅದೇ ನವೆಂಬರಿನ ವಿಧಾನಸಭಾ ಚುನಾವಣೆಯಲ್ಲಿ ಅಜಿತರು ತಮ್ಮನ ಮಗ ಯುಗೇಂದ್ರರನ್ನು ಒಂದು ಲಕ್ಷಕ್ಕೂ ಮಿಕ್ಕಿದ ಅಂತರದಿಂದ ಸೋಲಿಸಿದರು. ನಡುವೆ ಆಗಸ್ಟಿನಲ್ಲಿ, ತಂಗಿಯ ವಿರುದ್ಧ ಪತ್ನಿಯನ್ನು ನಿಲ್ಲಿಸಿದ್ದು ತಪ್ಪಾಯಿತೆಂದು ಅಜಿತರೇ ಬಹಿರಂಗವಾಗಿ ಹೇಳಿದ್ದರು. ಬಾರಾಮತಿಯ ಮತದಾರನಾದರೋ ಆರು ತಿಂಗಳಲ್ಲಿ ದಿಲ್ಲಿಗೊಬ್ಬರನ್ನು, ಮುಂಬಯಿಗೊಬ್ಬರನ್ನು ಆರಿಸಿ ಕಳುಹಿಸಿದನು. ಮುಖಂಡರ ಮನೆ ಒಡೆದಿದ್ದರೂ ಅವನು ತನ್ನ ಲೆಕ್ಕವನ್ನು ತಾನೇ ಮಾಡಿಕೊಂಡನು.

1960ಕ್ಕೂ 2024ಕ್ಕೂ ಒಂದು ಭೇದವಿದೆಯೆಂದು ನಮಗೆ ತೋರುತ್ತದೆ. ಮೊದಲನೆಯದರಲ್ಲಿ ಅಣ್ಣತಮ್ಮಂದಿರು ಬೇರೆಯಾದುದು, ನಾಡು ಯಾವ ದಾರಿ ಹಿಡಿಯಬೇಕೆಂಬ ವಿಚಾರದಲ್ಲಿ. ಎರಡನೆಯದರಲ್ಲಿ ವಿಚಾರಕ್ಕಿಂತ ವಾರಸುದಾರಿಕೆಯ ಪ್ರಶ್ನೆಯೇ ಮುಂದಾಗಿದ್ದಿತು. ಹೊಲದ ಪಾಲು ಕೇಳುವಂತೆ ಪಕ್ಷದ ಪಾಲು ಕೇಳಿದಾಗ ಮನೆಯೂ ನೋಯುತ್ತದೆ, ಪಕ್ಷವೂ ನೋಯುತ್ತದೆ. ಯಾವ ಪಕ್ಷ ಗೆದ್ದರೂ ಅಧಿಕಾರ ಒಂದೇ ಮನೆಯಲ್ಲಿ ಉಳಿಯುವುದಾದರೆ ಅದು ಭಿನ್ನಮತವೆನಿಸದು. ವಿಚಾರದ ಭೇದಕ್ಕೆ ಮನೆಗಳು ಹೆದರಬೇಕಾಗಿಲ್ಲ. ಆಸ್ತಿಯ ಭೇದವು ವಿಚಾರದ ವೇಷದಲ್ಲಿ ಬಂದಾಗ ಎಚ್ಚರವಿರಬೇಕು.

ನಮ್ಮಂಥ ಸಾಮಾನ್ಯರ ಮನೆಗಳಲ್ಲಿ ಪಾಲಿಗೆ ಯಾವ ಪಕ್ಷವೂ ಇಲ್ಲ, ಪದವಿಯೂ ಇಲ್ಲ. ಇರುವುದು ಒಂದೊಂದು ಮತ. ಬ್ಯಾಂಕಿನಲ್ಲಿ ಕುಳಿತು ದಿನವೂ ಗಂಡಹೆಂಡಿರ ಜಂಟಿ ಖಾತೆಗಳನ್ನು ನೋಡುವ ನಮಗೆ ಒಂದು ಮಾತು ಹೊಳೆಯುತ್ತದೆ. ಹಣಕ್ಕೆ ಜಂಟಿ ಖಾತೆಯುಂಟು; ಇಬ್ಬರಲ್ಲಿ ಯಾರಾದರೊಬ್ಬರು ರುಜು ಮಾಡಿ ತೆಗೆಯಬಹುದು. ಮತಕ್ಕೆ ಅಂಥ ಖಾತೆಯಿಲ್ಲ. ಗಂಡನ ರುಜುವಿನಿಂದ ಹೆಂಡತಿಯ ಮತವಾಗಲಿ, ಮಾವನ ರುಜುವಿನಿಂದ ಸೊಸೆಯ ಮತವಾಗಲಿ ಖರ್ಚಾಗಕೂಡದು. ಇಂದು ಮತಯಂತ್ರದಿಂದ ಯಾವ ಮತಗಟ್ಟೆಯಲ್ಲಿ ಯಾರಿಗೆ ಎಷ್ಟು ಬಿದ್ದಿತೆಂಬುದು ಊರಿಗೆಲ್ಲ ತಿಳಿಯುತ್ತದೆ. ಯಾವ ಮನೆಯಲ್ಲಿ ಯಾರಿಗೆ ಬಿದ್ದಿತೆಂಬುದು ತಿಳಿಯದು. ಅಷ್ಟು ಮರೆಯನ್ನು ಶಾಸನವು ನಮಗಾಗಿ ಉಳಿಸಿದೆ. ಅದನ್ನು ಮನೆಯೊಳಗೂ ಉಳಿಸಿಕೊಳ್ಳುವುದು ನಮ್ಮ ಕೈಯಲ್ಲಿದೆ.

ತಳೇಗಾಂವದ ಕನ್ನಡಿಗರಲ್ಲಿ ಧಾರವಾಡದವರಿದ್ದಾರೆ, ವಿಜಯಪುರದವರಿದ್ದಾರೆ, ಕರಾವಳಿಯವರಿದ್ದಾರೆ. ಎಲ್ಲರೂ ಒಂದೇ ಪಕ್ಷದವರಲ್ಲ; ಆಗಬೇಕಾಗಿಯೂ ಇಲ್ಲ. ಹಿರಿಯರು ತಮ್ಮ ಅಭಿಪ್ರಾಯವನ್ನು ಧಾರಾಳವಾಗಿ ಹೇಳಲಿ, ಕಿರಿಯರು ಗೌರವದಿಂದ ಕೇಳಲಿ, ವಾದವನ್ನೂ ಮಾಡಲಿ. ಮತಗಟ್ಟೆಯ ಬಾಗಿಲಿನವರೆಗೆ ಎಲ್ಲರೂ ಕೂಡಿಯೇ ಹೋಗಲಿ. ಮರೆಯೊಳಗೆ ಒಬ್ಬೊಬ್ಬರೇ ಹೋಗಲಿ. ಹೊರಬಂದ ಮೇಲೆ ಮತ್ತೆ ಕೂಡಿಯೇ ಮನೆಗೆ ಬಂದು ಊಟಕ್ಕೆ ಕುಳಿತುಕೊಳ್ಳಲಿ. ನಮ್ಮ ನಾಡು ಒಂದಾದುದು ಅನೇಕರ ಬೇರೆ ಬೇರೆ ವಿಚಾರಗಳು ಕೂಡಿದ್ದರಿಂದಲೇ ಎಂಬುದನ್ನು ನೆನೆಯುವುದೂ ರಾಜ್ಯೋತ್ಸವದ ಆಚರಣೆಯ ಒಂದು ಭಾಗವೆಂದು ನಾವು ಭಾವಿಸುತ್ತೇವೆ.