ಕ್ಯಾನ್ಸರ್ ಶುಶ್ರೂಷಾ ಸಂಶೋಧನೆ

ಕ್ಯಾನ್ಸರ್ ರೋಗಿಗಳ ಆರೈಕೆಯಲ್ಲಿ ದಾದಿಯರ ಪಾತ್ರವನ್ನೂ ಅದರ ಪರಿಣಾಮವನ್ನೂ ಶಾಸ್ತ್ರೀಯವಾಗಿ ಅಧ್ಯಯನ ಮಾಡುವ ಶುಶ್ರೂಷಾ ವಿಜ್ಞಾನದ ಶಾಖೆಯೇ ಕ್ಯಾನ್ಸರ್ ಶುಶ್ರೂಷಾ ಸಂಶೋಧನೆ. ಗಡ್ಡೆಯ ಗಾತ್ರದಂತೆಯೇ ರೋಗಿಯ ಸಂಕಟವನ್ನೂ ಅಳೆಯಬೇಕೆಂಬುದು ಇದರ ಮೂಲ ನಿಲುವು. ಅಮೆರಿಕದ ರೂತ್ ಮೆಕ್‌ಕಾರ್ಕಲ್ ಈ ಕ್ಷೇತ್ರದ ಪ್ರವರ್ತಕರಲ್ಲಿ ಒಬ್ಬರು.

ಸಂಕಟದ ಮಾಪನ

1978ರಲ್ಲಿ ಮೆಕ್‌ಕಾರ್ಕಲ್ ಅವರು ಸಹೋದ್ಯೋಗಿಯೊಬ್ಬರೊಡನೆ ರೋಗಲಕ್ಷಣ ಸಂಕಟ ಮಾಪಕವನ್ನು ಪ್ರಕಟಿಸಿದರು. ಓಕರಿಕೆ, ನೋವು, ನಿದ್ರಾಹೀನತೆ, ಆಯಾಸ ಮೊದಲಾದವು ತನ್ನನ್ನು ಎಷ್ಟು ಬಾಧಿಸುತ್ತಿವೆ ಎಂಬುದಕ್ಕೆ ರೋಗಿಯೇ 1ರಿಂದ 5ರವರೆಗೆ ಅಂಕ ನೀಡುವುದು ಇದರ ಕ್ರಮ.

ಮನೆಯಲ್ಲಿ ಆರೈಕೆ

ಅವರ ತಂಡದ ಅಧ್ಯಯನವೊಂದು 2000ದಲ್ಲಿ ಪ್ರಕಟವಾಯಿತು. ಶಸ್ತ್ರಚಿಕಿತ್ಸೆಗೊಳಗಾದ, 60 ಅಥವಾ ಅದಕ್ಕೂ ಹೆಚ್ಚು ವಯಸ್ಸಿನ 375 ಕ್ಯಾನ್ಸರ್ ರೋಗಿಗಳನ್ನು ಎರಡು ಗುಂಪುಗಳಾಗಿ ವಿಂಗಡಿಸಲಾಯಿತು. ಒಂದು ಗುಂಪಿಗೆ ವಾಡಿಕೆಯ ಆರೈಕೆ ಮಾತ್ರ ದೊರೆಯಿತು. ಇನ್ನೊಂದು ಗುಂಪಿನವರನ್ನು ವಿಶೇಷ ತರಬೇತಿ ಪಡೆದ ದಾದಿಯರು 4 ವಾರಗಳಲ್ಲಿ 3 ಬಾರಿ ಮನೆಗೆ ಹೋಗಿ ಕಂಡರು. 5 ಬಾರಿ ದೂರವಾಣಿಯಲ್ಲಿ ವಿಚಾರಿಸಿದರು. ಎರಡು ವರ್ಷಗಳ ಬಳಿಕ, ರೋಗ ಮುಂದುವರಿದ ಹಂತದಲ್ಲಿದ್ದವರ ಪೈಕಿ ದಾದಿಯರ ಭೇಟಿ ಪಡೆದವರಲ್ಲಿ ಶೇ. 67ರಷ್ಟು, ಪಡೆಯದವರಲ್ಲಿ ಶೇ. 40ರಷ್ಟು ಮಂದಿ ಬದುಕಿದ್ದರು. ಆರಂಭಿಕ ಹಂತದವರಲ್ಲಿ ಇಂಥ ವ್ಯತ್ಯಾಸ ಕಾಣಲಿಲ್ಲ. ಒಂದೇ ಅಧ್ಯಯನದಿಂದ ಅಂತಿಮ ನಿರ್ಣಯಕ್ಕೆ ಬರಲಾಗದು. ಆದರೆ ಶುಶ್ರೂಷೆಯ ಫಲವನ್ನೂ ಔಷಧದ ಫಲದಂತೆಯೇ ಪರೀಕ್ಷಿಸಿ ನೋಡಬಹುದೆಂಬುದನ್ನು ಇದು ತೋರಿಸಿಕೊಟ್ಟಿತು.