ರಸಾಯನಕ್ಕೆ ಎಷ್ಟು ದಿನ?

ನಮ್ಮ ಗೆಂಡೆಹಳ್ಳಿಯಲ್ಲಿ ಎಪ್ಪತ್ತನಾಲ್ಕು ವರ್ಷದ ಕಾಫಿ ಬೆಳೆಗಾರರೊಬ್ಬರಿದ್ದಾರೆ. ಕಳೆದ ಮಾಗಿಯ ಒಂದು ಸಂಜೆ ಅವರು ನಮ್ಮ ಮನೆಯ ಜಗಲಿಗೆ ಬಂದು, ಬೆಂಗಳೂರಿನಲ್ಲಿರುವ ಮಗ ಕಳುಹಿಸಿದ ಡಬ್ಬಿಯೊಂದನ್ನು ನನ್ನ ಮುಂದಿಟ್ಟರು. ದ್ರಾಕ್ಷಿ ಸಿಪ್ಪೆಯ ಸತ್ತ್ವದಿಂದ ಮಾಡಿದ, ಮುಪ್ಪನ್ನು ಹಿಂದೂಡುವ ಗುಳಿಗೆಗಳಂತೆ. ತೊಂಬತ್ತು ದಿನಗಳಲ್ಲಿ ಗುಣ ಕಾಣುವುದೆಂದು ಅದರ ಮೇಲೆ ಅಚ್ಚಾಗಿತ್ತು. “ಮೇಷ್ಟ್ರೇ, ನಾಲ್ಕು ತಿಂಗಳಾಯ್ತು. ನಾಲ್ಕು ಮೆಟ್ಟಿಲು ಹತ್ತಿದರೆ ಅದೇ ಸುಸ್ತು. ನಿಮ್ಮ ಹಳೇ ಪುಸ್ತಕಗಳಲ್ಲಿ ಇದಕ್ಕೆಲ್ಲ ಎಷ್ಟು ದಿನ ಅಂತ ಬರೆದಿದೆ?” ಎಂದು ಕೇಳಿದರು. ವೈದ್ಯ ನನ್ನ ವಿಷಯವಲ್ಲ; ಆದರೆ ಪ್ರಶ್ನೆ ಹಳೆಯ ಪುಸ್ತಕಗಳದ್ದಾದುದರಿಂದ ಜಾರಿಕೊಳ್ಳುವಂತಿರಲಿಲ್ಲ.

ಬರೆದಿದೆ, ಧಾರಾಳವಾಗಿಯೇ ಬರೆದಿದೆ. ಮುಪ್ಪನ್ನು ತಡೆಯುವ ಔಷಧಕ್ಕೆ ನಮ್ಮ ಪ್ರಾಚೀನರು ಕೊಟ್ಟ ಹೆಸರು ರಸಾಯನ. ಚರಕಸಂಹಿತೆಯ ಚಿಕಿತ್ಸಾಸ್ಥಾನ ಆರಂಭವಾಗುವುದೇ ಅದರಿಂದ. ತ್ರಿಫಲೆಯ ಒಂದು ಪ್ರಯೋಗಕ್ಕೆ ಅಲ್ಲಿ ಒಂದು ವರ್ಷದ ಅವಧಿ. ಫಲ, ಮುಪ್ಪು ರೋಗಗಳಿಲ್ಲದ ನೂರು ವರ್ಷ. ಬರಿಯ ನೆಲ್ಲಿಕಾಯಿಯ ರಸಾಯನವಂತೂ ಒಂದು ಕಾವ್ಯದಂತಿದೆ. ಒಂದು ವರ್ಷ ಹಾಲನ್ನೇ ಆಹಾರವಾಗಿಟ್ಟುಕೊಂಡು, ದನಗಳ ನಡುವೆ, ಗಾಯತ್ರಿಯನ್ನು ಧ್ಯಾನಿಸುತ್ತ, ಬ್ರಹ್ಮಚಾರಿಯಾಗಿ ಇರಬೇಕು. ವರ್ಷ ತುಂಬಿದಾಗ ಪುಷ್ಯ, ಮಾಘ ಅಥವಾ ಫಾಲ್ಗುಣದಲ್ಲಿ ಮೂರು ದಿನ ಉಪವಾಸವಿದ್ದು, ನೆಲ್ಲಿಯ ವನವನ್ನು ಹೊಕ್ಕು, ದೊಡ್ಡ ಕಾಯಿಗಳುಳ್ಳ ಮರವನ್ನು ಹತ್ತಿ, ಕೊಂಬೆಯ ಕಾಯನ್ನು ಕೈಯಲ್ಲಿ ಹಿಡಿದು, ಅದರಲ್ಲಿ ಅಮೃತ ಬರುವವರೆಗೆ ಜಪಿಸಬೇಕು. ಆಮೇಲೆ ಎಷ್ಟು ಕಾಯಿ ತಿಂದರೆ ಅಷ್ಟು ಸಾವಿರ ವರ್ಷ ಆಯುಸ್ಸು.

ಸಾವಿರ ವರ್ಷದ ಮಾತಿಗೆ ನಾವು ನಗಬಹುದು. ನಾನು ಗಮನಿಸಿದ್ದು ಬೇರೊಂದನ್ನು. ಅವಧಿಯನ್ನು ಹೇಳುವಾಗಲೆಲ್ಲ ಆ ಅವಧಿಯಲ್ಲಿ ಬಾಳಬೇಕಾದ ಬಗೆಯನ್ನೂ ಗ್ರಂಥಕಾರ ಹೇಳುತ್ತಾನೆ. ಕುಟೀಪ್ರವೇಶ ಎಂಬ ಉತ್ತಮ ವಿಧಾನದಲ್ಲಿ ಒಂದರೊಳಗೊಂದು ಮೂರು ಕೋಣೆಗಳ ಕುಟೀರವನ್ನು ಹೊಗಬೇಕು. ಅದು ಯಾರಿಗೆ? ಶಕ್ತರಿಗೆ, ನಿರೋಗಿಗಳಿಗೆ, ಸಂಯಮಿಗಳಿಗೆ, ಬಿಡುವೂ ಪರಿಕರಗಳೂ ಉಳ್ಳವರಿಗೆ. ನಮ್ಮ ಬೆಳೆಗಾರರಿಗೆ ಇದನ್ನು ಹೇಳಿದಾಗ, “ಇಷ್ಟೆಲ್ಲ ಇದ್ದವನಿಗೆ ಔಷಧ ಯಾಕೆ?” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಸುಶ್ರುತಸಂಹಿತೆ ಇನ್ನೂ ನಿಷ್ಠುರ: ರಸಾಯನವನ್ನು ಮೊದಲ ವಯಸ್ಸಿನಲ್ಲೋ ನಡುವಯಸ್ಸಿನಲ್ಲೋ ಕೊಡಬೇಕು, ಶೋಧನೆಯಾಗದ ದೇಹಕ್ಕೆ ಕೊಟ್ಟರೆ ಕೊಳೆಬಟ್ಟೆಗೆ ಬಣ್ಣ ಹಾಕಿದಂತೆ.

ಕನ್ನಡದ ಮಾತೇನು? ಬೇಲೂರಿನ ಚೆನ್ನಕೇಶವ ಪ್ರತಿಷ್ಠೆಯಾದದ್ದು 1117ರಲ್ಲಿ. ಅದೇ ಶತಮಾನದಲ್ಲಿ ಜಗದ್ದಳ ಸೋಮನಾಥ ಪೂಜ್ಯಪಾದರ ಕಲ್ಯಾಣಕಾರಕವನ್ನು, ಮದ್ಯಮಾಂಸಗಳ ಸೋಂಕಿಲ್ಲದ ವೈದ್ಯವನ್ನು, ಕನ್ನಡಕ್ಕೆ ತಂದ; ಕೀರ್ತಿವರ್ಮ ಗೋವೈದ್ಯವನ್ನು ಬರೆದ. ಮುಂದೆ ಮಂಗರಾಜನ ಖಗೇಂದ್ರಮಣಿದರ್ಪಣದ ವಿಷಯ ವಿಷಚಿಕಿತ್ಸೆ. ದನದ ಬೇನೆ, ಹಾವಿನ ವಿಷ: ಒಕ್ಕಲಮಗನಿಗೆ ಇವೇ ಹತ್ತಿರದ ಚಿಂತೆಗಳು. ಅಳಿಯದ ದೇಹದ ಹಂಬಲಕ್ಕೆ ನಮ್ಮ ಕಾವ್ಯ ಉತ್ತರ ಕೊಟ್ಟದ್ದು ಚಾಮರಸನ ಪ್ರಭುಲಿಂಗಲೀಲೆಯಲ್ಲಿ. ಗೋರಕ್ಷನ ವಜ್ರಕಾಯಕ್ಕೆ ತಾಗಿದ ಕತ್ತಿ ಸದ್ದು ಮಾಡಿತು. ಅಲ್ಲಮನ ಮೈಯಲ್ಲಿ ಅದು ಬಯಲಲ್ಲಿ ಆಡಿದಂತೆ ಆಡಿತು.

ಗ್ರಂಥಗಳ ಮಾತು ಹಾಗಿರಲಿ, ಇದನ್ನು ಯಾರಾದರೂ ಮಾಡಿ ನೋಡಿದ್ದುಂಟೆ? ಉಂಟು, ಅದೂ ಇಡೀ ದೇಶ ನೋಡುತ್ತಿರುವಾಗ. 1938ರ ಆದಿಯಲ್ಲಿ ಎಪ್ಪತ್ತಾರು ವರ್ಷದ ಪಂಡಿತ ಮದನಮೋಹನ ಮಾಳವೀಯರು ತಪಸೀ ಬಾಬಾ ಎಂಬ ಸಾಧುವಿನ ಮೇಲ್ವಿಚಾರಣೆಯಲ್ಲಿ ಕಾಯಕಲ್ಪ ಮಾಡಿಕೊಂಡರು. ಮಾಳವೀಯರು ನಮಗೆ ಹೊರಗಿನವರಲ್ಲ. ಅವರು ಕಟ್ಟಿದ ಕಾಶಿಯ ಹಿಂದೂ ವಿಶ್ವವಿದ್ಯಾನಿಲಯದ ಮೊದಲ ಕುಲಾಧಿಪತಿ ನಮ್ಮ ನಾಲ್ವಡಿ ಕೃಷ್ಣರಾಜ ಒಡೆಯರು. ನಲವತ್ತು ದಿನ ಕುಟೀರದೊಳಗೆ ವಾಸ. ಹೊರಬಂದಾಗ ಚೇತರಿಕೆ ಕಂಡಿತೆಂದು ಪತ್ರಿಕೆಗಳು ಬರೆದವು. ಆ ವೃದ್ಧರ ಆಸೆಯನ್ನು ಹಗುರವಾಗಿ ಕಾಣಲಾರೆ: ಕಟ್ಟಿದ ಸಂಸ್ಥೆಯ ಕೆಲಸ ಇನ್ನೂ ಉಳಿದಿತ್ತು, ದೇಶಕ್ಕೆ ಸ್ವಾತಂತ್ರ್ಯ ಬಂದಿರಲಿಲ್ಲ. ಆದರೆ ಮರುವರ್ಷವೇ, 1939ರಲ್ಲಿ, ದೇಹಾಲಸ್ಯದಿಂದ ಅವರು ಕುಲಪತಿ ಸ್ಥಾನವನ್ನು ಬಿಟ್ಟರು. ಹಿಂದೆ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳಿದ್ದ ರಾಧಾಕೃಷ್ಣನ್ ಆ ಸ್ಥಾನಕ್ಕೆ ಬಂದರು. ಮಾಳವೀಯರು 1946ರ ನವೆಂಬರಿನಲ್ಲಿ ತೀರಿಕೊಂಡರು. ನಲವತ್ತು ದಿನಗಳ ಚೇತರಿಕೆ ಔಷಧದ್ದೋ, ಜೀವಮಾನದಲ್ಲಿ ಮೊದಲ ಬಾರಿಗೆ ಸಿಕ್ಕ ವಿಶ್ರಾಂತಿಯದೋ? ಒಬ್ಬನೇ ಮನುಷ್ಯನನ್ನು ನೋಡಿ ಹೇಳುವುದು ಹೇಗೆ?

ಇದಕ್ಕಾಗಿಯೇ ಈ ಕಾಲದ ವಿಜ್ಞಾನಿಗಳು ಸಾವಿರಾರು ಜನರನ್ನು ಎರಡು ಪಂಗಡ ಮಾಡಿ, ಒಂದಕ್ಕೆ ಔಷಧವನ್ನೂ ಇನ್ನೊಂದಕ್ಕೆ ಅದರಂತೆಯೇ ಕಾಣುವ ಸಪ್ಪೆ ಗುಳಿಗೆಯನ್ನೂ ಕೊಟ್ಟು ಕಾಯುತ್ತಾರೆ. ಅಮೆರಿಕದಲ್ಲಿ ಐವತ್ತು ದಾಟಿದ 14,641 ಪುರುಷ ವೈದ್ಯರೇ ಸುಮಾರು 11 ವರ್ಷ ಹೀಗೆ ಬಹುಜೀವಸತ್ತ್ವದ ಗುಳಿಗೆ ನುಂಗಿದರು. 2012ರಲ್ಲಿ ಲೆಕ್ಕ ಹೊರಬಿತ್ತು: ಕ್ಯಾನ್ಸರ್ ಶೇಕಡ 8ರಷ್ಟು ಕಡಿಮೆ, ಹೃದಯಾಘಾತ, ಪಾರ್ಶ್ವವಾಯುಗಳಲ್ಲಿ ವ್ಯತ್ಯಾಸವಿಲ್ಲ. ಇಷ್ಟು ಸಣ್ಣ ಅಂತರ ಕಾಣಲು ಅಷ್ಟು ಜನ, ಅಷ್ಟು ವರ್ಷ ಬೇಕಾದುವು. ತೊಂಬತ್ತು ದಿನಗಳಲ್ಲಿ ಒಬ್ಬನ ಕನ್ನಡಿಯಲ್ಲಿ ಕಾಣುವುದೇನು? ಫಿನ್ಲೆಂಡಿನ ಕಥೆ ಇನ್ನೂ ಕಹಿ. ಅಲ್ಲಿ 29,133 ಧೂಮಪಾನಿಗಳ ಮೇಲೆ ಗಜ್ಜರಿಯ ಬಣ್ಣದ ಸತ್ತ್ವವಾದ ಬೀಟಾ ಕ್ಯಾರೊಟೀನನ್ನು ಐದರಿಂದ ಎಂಟು ವರ್ಷ ಪ್ರಯೋಗಿಸಿದರು. ಪರಿಣಾಮ ಕಂಡದ್ದೇನೋ ನಿಜ: ಅದನ್ನು ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇಕಡ 18ರಷ್ಟು ಹೆಚ್ಚಾಗಿತ್ತು. 1994ರಲ್ಲಿ ಇದು ಪ್ರಕಟವಾಯಿತು.

ಬೇಗ ಗುಣ ಕಾಣುವ ಸಂದರ್ಭವೂ ಇಲ್ಲದಿಲ್ಲ. ದೇಹದಲ್ಲಿ ನಿಜವಾಗಿ ಯಾವುದರ ಕೊರತೆಯಿದೆಯೋ ಅದನ್ನು ತುಂಬಿದರೆ ಕೆಲವೇ ವಾರಗಳಲ್ಲಿ ತಿಳಿಯುತ್ತದೆ. ಕಬ್ಬಿಣದ ಅಂಶ ಕಡಿಮೆಯಾದವರ ರಕ್ತ ಒಂದು ತಿಂಗಳೊಳಗೇ ಏರತೊಡಗುತ್ತದೆ. ಕೊರತೆ ಏನೆಂದು ಮೊದಲು ಗೊತ್ತಾಗಬೇಕಷ್ಟೆ. ಡಬ್ಬಿಗೆ ಅದು ಗೊತ್ತಿರುವುದಿಲ್ಲ.

ನಮ್ಮ ಬೆಳೆಗಾರರನ್ನು ಬಲವಂತದಿಂದ ಹಾಸನದ ವೈದ್ಯರೊಬ್ಬರಲ್ಲಿಗೆ ಕರೆದೊಯ್ದೆ. ರಕ್ತಪರೀಕ್ಷೆಯಲ್ಲಿ ಬಿ-12 ಜೀವಸತ್ತ್ವ ತೀರ ಕಡಿಮೆಯೆಂದು ಕಂಡಿತು. ಚುಚ್ಚುಮದ್ದು ಆರಂಭವಾಗಿ ಆರು ವಾರಕ್ಕೆ ನಮ್ಮ ಜಗಲಿಯ ಮೆಟ್ಟಿಲನ್ನು ಏದುಸಿರಿಲ್ಲದೆ ಹತ್ತಿ ಬಂದರು. ಡಬ್ಬಿಯಲ್ಲಿ ಈಗ ಅವರ ಮನೆಯವರು ಏಲಕ್ಕಿ ತುಂಬಿಟ್ಟಿದ್ದಾರೆ. ಮಗನಿಗೆ ಮಾತ್ರ, ಗುಳಿಗೆಯಿಂದಲೇ ಗುಣವಾಯಿತೆಂದು ಹೇಳಿಬಿಟ್ಟಿದ್ದಾರಂತೆ. ಅವನು ಇನ್ನೆರಡು ಡಬ್ಬಿ ಕಳುಹಿಸಿದ್ದಾನೆ.